ಎಡ ಹೆಗಲು

ಮಡಿಕೇರಿ ಆಸ್ಪತ್ರೆಯ ಕೊನೇ ಕೋಣೆ ನನ್ನದು, ಕಿಟಕಿಯಿಲ್ಲ.
ಬಾಗಿಲಿಗೆ ಕಂಬಳಿ ಹೊಡೆಸಿದ್ದೇನೆ. ಫ್ಯಾನು ಬಂದ್.
ಟ್ಯೂಬ್‌ಲೈಟೂ ಬಂದ್, ಅದರ ಗುಂಯ್ ಗೆರೆಗೆ ಬೀಳುತ್ತದೆ.
ಮೊಬೈಲು ಹೊರಗಿನ ಬುಟ್ಟಿಯಲ್ಲಿ.
ಇಷ್ಟಾದ ಮೇಲೂ ಬರಬೇಕಾದದ್ದು ಬರಬೇಕು: ನಿದ್ದೆ.

"ದಾರಿಯಲ್ಲಿ ಮಲಗಿಸಬೇಡಿ,
ಇಲ್ಲಿ ಬಂದು ಹಾಲು ಕೊಡಿ" ಅಂದಿದ್ದೆ ಫೋನಿನಲ್ಲಿ.
ನಾಪೋಕ್ಲಿನ ಬಸ್ಸು, ತಿರುವು ತಿರುವಿಗೂ ತೊಟ್ಟಿಲು.
ಬೊಳ್ಳಮ್ಮ ಕೂಸಿನ ಅಂಗಾಲಿಗೆ ಕಚಗುಳಿಯಿಡುತ್ತ,
ಎಲ್ಲ ತಾಯಂದಿರೂ ತಟ್ಟುವ ದಾರಿಯಲ್ಲಿ
ತಾನೊಬ್ಬಳು ಎಬ್ಬಿಸುತ್ತ ಬಂದಳು.
ಹಿಂದೆಯೇ ಅವಳ ಮಾವ, ಹವಾಲ್ದಾರ್ ಉತ್ತಯ್ಯ.

ನನಗೆ ಗುರುತಿನವರು. ಹೋದ ವರ್ಷ ಇದೇ ಮಂಚ.
ಬಲಗಿವಿ ತೋಪಿಗೆ ಕೊಟ್ಟದ್ದು. ಪಿಂಚಣಿ ಕಚೇರಿ ನಂಬಲಿಲ್ಲ:
ಗುಂಡಿ ಒತ್ತುವ ಪರೀಕ್ಷೆಯಲ್ಲಿ
ಕೇಳಿಸಿಯೂ ಒತ್ತದೆ ಇರಬಹುದಲ್ಲ.
"ಇಲ್ಲಿ ಎಂತ ಒತ್ತಬೇಕು?"
ಏನೂ ಇಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಬೇಡಿ, ಕತ್ತು ಸಡಿಲ ಬಿಡಿ.
"ಮತ್ತೆ ನನ್ನ ಕೆಲಸ?"
ಮಲಗುವುದು.
ಇಪ್ಪತ್ನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಇಂಥ ಆರ್ಡರು ಬಂದಿರಲಿಲ್ಲ.
ಐದೇ ನಿಮಿಷಕ್ಕೆ ಗೊರಕೆ.
ಗೊರಕೆಯ ಕೆಳಗೆ, ಮಿದುಳಿನ ಕಾಂಡದಲ್ಲಿ,
ಸುಳ್ಳು ಹೇಳಲು ಬಾರದ ನರ ಸಾಕ್ಷಿ ನುಡಿಯಿತು:
ಎಡಕ್ಕೆ ಅಲೆ, ಬಲಕ್ಕೆ ಬಯಲು.

ಈ ಸಲ ಅವರು ಬಾಗಿಲ ಹೊರಗೆ ಪಹರೆ.
ಔಷಧಿ ಗಾಡಿ ದಡಬಡಿಸಿದರೆ ಬೆರಳೆತ್ತಿ ನಿಲ್ಲಿಸುತ್ತಾರೆ.

ಹಾಲು ಕುಡಿದು ಕೂಸು ಜಾರಿತು.
ಹಣೆಗೊಂದು, ಕಿವಿಗಳ ಹಿಂದಿನ ಮೂಳೆಗೆ ಒಂದೊಂದು;
ಮರಳು ಮರಳಾದ ಜೆಲ್ಲಿನಿಂದ ಚರ್ಮ ಉಜ್ಜಿ
ಬಿಲ್ಲೆ ಅಂಟಿಸುವಾಗ ಉಸಿರು ಹಿಡಿದದ್ದು ನಾನೂ ಬೊಳ್ಳಮ್ಮನೂ.
ಕಿವಿಯ ತೂತಿಗೆ ಕಾಳುಮೆಣಸಿನಷ್ಟು ಸ್ಪಂಜಿನ ಬಿರಡೆ.

ಟಿಕ್ ಟಿಕ್ ಟಿಕ್ ಟಿಕ್
ಸೆಕೆಂಡಿಗೆ ಇಪ್ಪತ್ತೊಂದು, ಒಂದು ಗೆರೆಗೆ ಎರಡು ಸಾವಿರ.
ಒಂದು ಟಿಕ್ಕಿಗೆ ನರದ ಉತ್ತರ ಎಷ್ಟು ಸಣ್ಣದೆಂದರೆ
ಎದೆಬಡಿತದಲ್ಲಿ, ಕನಸಿನಲ್ಲಿ ಕಳೆದೇಹೋಗುತ್ತದೆ.
ಮತ್ತೆ ಮತ್ತೆ ಕೇಳಬೇಕು, ಉತ್ತರದ ಮೇಲೆ ಉತ್ತರ ಇಡಬೇಕು,
ಮೊರದಲ್ಲಿ ಕೇರಿದ ಹಾಗೆ: ಹೊಟ್ಟು ಹಾರಿ
ಕಾಳು ಉಳಿಯುತ್ತದೆ, ಇದ್ದರೆ.

ಹತ್ತು ಮಿಲಿಸೆಕೆಂಡಿನೊಳಗೆ ಐದು ದಿಬ್ಬ.
ಐದನೆಯದು ಹಟಮಾರಿ. ಶಬ್ದ ಇಳಿಸುತ್ತ ಹೋದಂತೆ
ಉಳಿದವು ಅಳಿಸಿದರೂ ಅದು ನಿಂತಿರುತ್ತದೆ.

ಎಡಗಿವಿ. ತೊಂಬತ್ತು: ಇದೆ. ಎಪ್ಪತ್ತು: ತಡವಾಗಿ, ಇದೆ.
ಅರವತ್ತು: ತಗ್ಗಾಗಿ, ಕಣ್ಣು ಕಿರಿದು ಮಾಡಿದರೆ, ಇದೆ.
ಐವತ್ತು. ಮತ್ತೊಮ್ಮೆ ಐವತ್ತು. ಇಲ್ಲ.
ಬಲಗಿವಿ. ತೊಂಬತ್ತು.
ತೊಂಬತ್ತು.
ಬಿಲ್ಲೆ ಒತ್ತಿ, ಬಿರಡೆ ತೆಗೆದು ಹಾಕಿ, ತೊಂಬತ್ತು.

ಕೂಸು ಮನೆಗೆ ಬಂದ ದಿನ ಉತ್ತಯ್ಯ ಅಂಗಳದಲ್ಲಿ ಕೋವಿ ಹಾರಿಸಿದ್ದರು.
"ಹೆಣ್ಣಲ್ವಾ" ಅಂದ ಮಾತು ಬಲಗಿವಿ ಕಡೆಯಿಂದ ಬಂತಂತೆ,
ಕೇಳಿಸಲಿಲ್ಲವಂತೆ.
ನಾಯಿ ಮಂಚದಡಿ ಹೊಕ್ಕಿತು. ಒಳಗೆ ಕೂಸು
ಅಮ್ಮನ ಎದೆಗೆ ಎಡಗಿವಿಯೊತ್ತಿ ಹಾಲು ಕುಡಿಯುತ್ತಲೇ ಇತ್ತು.
ಸಿಪಾಯಿಯ ಮೊಮ್ಮಗಳು ಅಂತ ಎಲ್ಲರೂ ನಕ್ಕರು.
ಅವರು ನಗಲಿಲ್ಲ. ಮರುದಿನ ನನಗೆ ಫೋನು.

ಚೀಟಿ ಬರೆದೆ: ಮೂರು ತಿಂಗಳಿಗೆ ಮತ್ತೊಮ್ಮೆ,
ಅಷ್ಟರಲ್ಲಿ ಎಡಗಿವಿಗೆ ಯಂತ್ರ, ಬಲಕ್ಕೆ ಮೈಸೂರಿನವರ ಸಲಹೆ.
ಬೊಳ್ಳಮ್ಮ ಕೇಳಿದ್ದು ಒಂದೇ: "ನನ್ನ ದನಿ?"
ಹತ್ತಿರದಿಂದ, ಜೋರಾಗಿ, ಎಡಕ್ಕೆ.

ಉತ್ತಯ್ಯ ಹಾಳೆ ಬೆಳಕಿಗೆ ಹಿಡಿದರು.
"ಇದು ನನ್ನದೇ ಗೆರೆ."
ಅಲ್ಲ, ನಿಮ್ಮದು ತೋಪಿನದು, ಇವಳದು ಹುಟ್ಟಿನದು.
"ಬಲ ಅಲ್ವಾ, ಆದರೂ."

ಕೂದಲಿಗೆ ಅಂಟಿದ ಜೆಲ್ಲು ಒರೆಸಿ ಕೊಟ್ಟೆ.
ಬಲ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವರು
ನಿಂತು, ಕೂಸನ್ನು ಎಡ ಹೆಗಲಿಗೆ ಬದಲಾಯಿಸಿದರು,
ಬಾಯಿ ಅದರ ಕಿವಿಗೆ ತಾಗುವಂತೆ.
ಏನೋ ಹೇಳಿದರು.
ಕೂಸು ಎದ್ದಿತ್ತು. ಯಂತ್ರ ಆರಿಸಿಯಾಗಿತ್ತು.