ಕೆಂಪು ಚೂರು ಕಟ್ಟಿದ ಗಿಡ

ಮಾದಾಪುರದ ಕೆಳಗೆ, ಹೊಳೆಬದಿಯ ಏಳನೇ ಬ್ಲಾಕಿನಲ್ಲಿ
ಬೋರರ್ ಹುಡುಕುವ ಕೆಲಸ ನನಗೂ ಕರ್ಪಿಗೂ.
ಕಣ್ಣಿನ ಕೆಲಸವಲ್ಲ, ಹೆಬ್ಬೆರಳಿನದು:
ಅರೇಬಿಕಾ ಬುಡದಿಂದ ಮೇಲಕ್ಕೆ ಸವರುತ್ತ ಹೋದರೆ
ತೊಗಟೆಯಡಿ ಒಂದು ಉಬ್ಬು,
ಬಿಗಿಯಾದ ಕಾಲುಂಗುರದ ಕೆಳಗೆ ಬಾತ ಬೆರಳಿನಂತೆ.
ಅಲ್ಲಿದ್ದಾನೆ, ಅನ್ನುತ್ತಾಳೆ ಕರ್ಪಿ.
ಹುಳುವನ್ನು ಅವಳು ಯಾವತ್ತೂ ಅವನು ಅನ್ನುವುದು.

ಹೋದ ವರ್ಷ ಮರಗಸಿಯವರ ಕೈ ಜೋರಾಯಿತು,
ಬಿಸಿಲು ನೆಲ ಮುಟ್ಟಿತು.
ಬಿಸಿಲು ಬಿದ್ದ ಕಾಂಡದ ಬಿರುಕಿಗೇ
ಅವನ ತಾಯಿ ಮೊಟ್ಟೆ ತುರುಕಿ ಹೋದದ್ದು.
ಆಮೇಲೆ ಹತ್ತು ತಿಂಗಳು ಒಳಗೇ.
ತಿಂದದ್ದೇ ದಾರಿ, ದಾರಿಯೇ ಮನೆ,
ಹಿಂದೆ ಉಳಿದ ಹಿಟ್ಟನ್ನು ತಾನೇ ಗಿಡಿದು ಮುಚ್ಚುತ್ತ,
ಹೊರಗೆ ಒಂದು ಚಿಟಿಕೆ ಪುಡಿ ಬೀಳದ ಹಾಗೆ.
ಎಲೆ ಹಳದಿಯಾದಾಗ ರೈಟರ್ ಪೂವಯ್ಯ
ಗೊಬ್ಬರ ಸಾಲದು ಎಂದು ಬರೆದುಕೊಂಡಿದ್ದರು.

ಗುರುತಿಗೆ ಹಳೆ ಸೀರೆಯ ಕೆಂಪು ಚೂರು ಕಟ್ಟುತ್ತೇವೆ.
ಕಟ್ಟಲು ಹಿಡಿದ ರೆಂಬೆ ಶನಿವಾರ
ನಡೆಯಿತು.

ಕಿರುಚಿದ್ದು ನಾನು. ಕರ್ಪಿ ನಕ್ಕಳು.
ಕಡ್ಡಿಹುಳ. ಗೇಣುದ್ದ.
ಹಗಲೆಲ್ಲ ಮುಂಗಾಲು ಚಾಚಿ ಸುಮ್ಮನೆ,
ಗಾಳಿ ಬಂದರೆ ಗಾಳಿಯಷ್ಟೇ ತೂಗಿ,
ಕತ್ತಲಾದ ಮೇಲೆ ಎಲೆಯಂಚು ಮೆಲ್ಲುವುದು.
ಇವುಗಳಲ್ಲಿ ಕೆಲವಕ್ಕೆ ಗಂಡಿನ ಹಂಗಿಲ್ಲವಂತೆ;
ನಿಂತಲ್ಲಿಂದ ಮೊಟ್ಟೆ ಉದುರಿಸುತ್ತವೆ ಬೀಜದ ಹಾಗೆ,
ಎಲ್ಲಿ ಬಿತ್ತೆಂದು ಬಗ್ಗಿಯೂ ನೋಡುವುದಿಲ್ಲ.

"ಇದೂ ಗಿಡ ತಿನ್ನೋದೇ ಅಲ್ವಾ? ಬರೆಸೋಣವಾ?"
ಸೀರೆ ಚೂರು ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು:
"ತಿನ್ನೋದೇನು, ನಾವೂ ತಿಂತೇವೆ.
ಇದು ಗಿಡದ ಥರ ಇರೋದು ಕಲಿತು ತಿಂತದೆ.
ಅವನು ಗಿಡವನ್ನೇ ಖಾಲಿ ಮಾಡಿ
ಗಿಡದ ಥರ ನಿಲ್ಲಿಸ್ತಾನೆ."
ಪಕ್ಕದ ರೆಂಬೆಗೆ ಚೂರು ಕಟ್ಟಿ ಮುಂದೆ ಹೋದೆವು.
ಮೂವತ್ತೊಂದು ಗಿಡ, ಆ ದಿನದ ಲೆಕ್ಕ.

ರಾತ್ರಿ ಲೈನ್‌ಮನೆಯಲ್ಲಿ ಗಂಜಿ ಉಣ್ಣುವಾಗ ಹೊಳೆಯಿತು:
ಸೋಮವಾರ ಕಿತ್ತು, ಕಡಿದು, ಸುಡುತ್ತಾರೆ.
ಒಳಗಿನವನು ಬೇಯಲಿ, ಅದಕ್ಕೇ ಸುಡುವುದು.
ಆದರೆ ಅದು? ಬುಡ ಅಲುಗಿದಷ್ಟೂ
ಇನ್ನಷ್ಟು ಕಡ್ಡಿಯಾಗುತ್ತದೆ, ಅದಕ್ಕೆ ಗೊತ್ತಿರುವುದು ಅದೊಂದೇ.

ಭಾನುವಾರ, ಕೂಲಿಯಿಲ್ಲದ ದಿನ, ಒಬ್ಬಳೇ ಹೋದೆ.
ಕೆಂಪು ಚೂರು ಇಬ್ಬನಿಗೆ ನೆನೆದು ಅಂಟಿಕೊಂಡಿತ್ತು.
ಬುಡದಿಂದ ತುದಿಯವರೆಗೆ ಒಂದೊಂದೇ ಮುಟ್ಟುತ್ತ ಬಂದೆ,
ಹಿಡಿದು, ಅಲುಗಿಸಿ, ಊದಿ ಕೂಡ ನೋಡಿದೆ.
ಇಪ್ಪತ್ತು ಕಡ್ಡಿ ಮುಟ್ಟಿದೆ.
ಇಪ್ಪತ್ತೂ ಕಡ್ಡಿಯೇ.