ಅಳತೆಯ ದಾರ

ಹಾವಿನ ನಡು ಎಷ್ಟು ದಪ್ಪವೋ
ಇಲಿಯೂ ಅಷ್ಟೇ ಇರಬೇಕು, ಮೀರಬಾರದು
ಎಂದು ಮುಬೀನಾ ಹೇಳಿದ ದಿನ
ಟೇಪು ಹುಡುಕಿದೆ. ಸಿಗಲಿಲ್ಲ.
ಅವಳೇ ತಂದಿದ್ದಳು ಒಂದು ಕೆಂಪು ದಾರ,
ಹಾವಿನ ಹೊಟ್ಟೆಗೆ ಸುತ್ತಿ ಗಂಟು ಹಾಕಿದ್ದು.
"ಈ ಗಂಟಿನೊಳಗೆ ಹಿಡಿಸೋ ಇಲಿ ಕೊಡ್ರಿ ಅಂಕಲ್."

ಮೂವತ್ತೊಂದು ವರ್ಷ ಫಾರ್ಮಸಿ ಕಾಲೇಜಿನಲ್ಲಿ
ಬಿಳಿ ಇಲಿ ಸಾಕಿದವನು.
ಸೂಜಿ ಚುಚ್ಚುವವರು ಬೇರೆ, ಹಿಡಿದುಕೊಳ್ಳುವವನು ನಾನು.
ಬೀಳ್ಕೊಡುವಾಗ ಅವರು ಹೊದಿಸಿದ್ದು ಶಾಲು,
ನಾನಾಗಿ ಕೇಳಿ ತಂದದ್ದು ಎರಡು ಜೋಡಿ.
ಈಗ ವಿನೋಬನಗರದ ಮಾಳಿಗೆ ಮೇಲೆ, ತಗಡಿನ ಕೆಳಗೆ
ಅರವತ್ತಕ್ಕೂ ಮಿಕ್ಕಿ. ಹೆಂಡತಿ ಮೇಲೆ ಬರುವುದಿಲ್ಲ.

"ನಿಮ್ಮ ಮಂಡಕ್ಕಿ ಭಟ್ಟಿಯಲ್ಲಿ
ಇಲಿಗೇನು ಬರವಮ್ಮಾ?"
"ಅಬ್ಬಾ ಪಾಷಾಣ ಇಟ್ಟಾರೆ ಅಂಕಲ್.
ಇಲಿ ತಿಂದದ್ದನ್ನ ಮಿರ್ಚಿನೂ ತಿಂದಂಗೆ."
ಮಿರ್ಚಿ ಅಂದರೆ ಹಾವು. ಆಫ್ರಿಕದ್ದು,
ಹೆದರಿದರೆ ಚೆಂಡಾಗುತ್ತದೆ. ಕಾಗದಪತ್ರ ಎಲ್ಲ ಐತೆ ಅಂದಳು,
ನಾನು ಕೇಳಿರಲಿಲ್ಲ.

ಬಸುರಿಯನ್ನು ನಾನು ಬಿಡುತ್ತೇನೆ, ಹಾಲೂಡುವುದನ್ನೂ.
ಮೂಗು ಸೋರುವುದನ್ನು ಅವಳು ಬಿಡುತ್ತಾಳೆ.
ಉಳಿದದ್ದರಲ್ಲಿ ಒಂದಕ್ಕೆ ದಾರ ತೊಡಿಸಿ ನೋಡಿದರೆ
ಉಡಿದಾರ ಕಟ್ಟಿಸಿಕೊಳ್ಳುವ ಕೂಸಿನ ಹಾಗೆ
ಅದು ಸುಮ್ಮನೆ ನಿಲ್ಲುತ್ತದೆ.

ಜೀವಂತ ಕೊಟ್ಟರೆ ಹಾವಿಗೇ ಅಪಾಯ,
ಒಂದು ಕಚ್ಚಿದರೆ ಬೆನ್ನು ಕೀವು.
ಆದ್ದರಿಂದ ಮುಂದಿನದು ನನ್ನ ಕೆಲಸ.
ಅವಳು ಗೋಡೆ ಕಡೆ ತಿರುಗಿ ಮೊಬೈಲು ನೋಡುತ್ತಾಳೆ.
ಪಳಗಿದ ಕೈ. ಸದ್ದಾಗುವುದಿಲ್ಲ.

ಒಂದು ವಾರ, ಸತ್ತದ್ದನ್ನು ಮೂಸುತ್ತಿಲ್ಲ ಎಂದು
ಬೇಡವೆಂದರೂ ಜೀವಂತ ಒಯ್ದಳು.
ಬೆಳಗಾಗುವುದರೊಳಗೆ ಅದೇ ಡಬ್ಬಿ, ಅದೇ ಇಲಿ, ಬಾಗಿಲಲ್ಲಿ ಅವಳು:
"ಕಣ್ಣು ಹಾಲಾಗಿತ್ತು ಅಂಕಲ್, ಪೊರೆ ಬಿಡೋ ಹೊತ್ತು.
ನಂಗೆ ಗೊತ್ತಾಗಲಿಲ್ಲ.
ರಾತ್ರಿಯೆಲ್ಲ ಇಬ್ಬರೂ ಒಂದೊಂದು ಮೂಲೆ.
ನಾನೂ ಮಲಗಿಲ್ಲ."

ಗೂಡಿಗೆ ಬಿಟ್ಟೆ.
ಹಾವಿನ ವಾಸನೆ ಹೊತ್ತು ಬಂದದ್ದನ್ನು
ಒಡಹುಟ್ಟಿದವೇ ಕಚ್ಚಿ ಹಾಕಿದವು,
ಕಿವಿಯ ಒಂದು ಚೂರು ಹೋಯಿತು.

ಬೇರೆ ಇಟ್ಟೆ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ.
ಅವರ ಭಟ್ಟಿಯದೇ ಮಂಡಕ್ಕಿ, ಶೇಂಗಾ,
ಆಮೇಲೆ ಒಂದಿಷ್ಟು ಬೆಣ್ಣೆ.
ದೋಸೆಗಿಟ್ಟಿದ್ದು ಎಲ್ಲಿ ಎಂದು ಕೆಳಗಿನಿಂದ ಕೂಗು.

ಶುಕ್ರವಾರ ಶುಕ್ರವಾರ ದಾರ ಹಿಡಿದು ನೋಡುತ್ತೇನೆ.
ಮೊದಲು ಎದೆಗೆ ಬಿಗಿಯಾಯಿತು,
ಈಗ ತಲೆ ಮಾತ್ರ ತೂರುತ್ತದೆ.

"ಇದು ಆಗಲ್ಲಮ್ಮಾ, ಅಳತೆ ಮೀರೈತೆ."
ನನ್ನ ದನಿಯಲ್ಲಿ ಏನು ಕೇಳಿಸಿತೋ,
ಮುಬೀನಾ ನಕ್ಕಳು.
ಪರ್ಸಿನಿಂದ ಹೊಸ ದಾರ ತೆಗೆದಳು. ಹಸಿರು.
"ಮಿರ್ಚಿನೂ ಬೆಳದಾನೆ ಅಂಕಲ್."

ಗಂಟು ಒಂದು ಬೆರಳು ಹಿರಿದಾಗಿತ್ತು.
ಡಬ್ಬಿಗೆ
ಇನ್ನೊಂದು ಹಿಡಿ ಶೇಂಗಾ ಹಾಕಿದೆ.