ಹತ್ತರ ಮನೆ

ಸೋಮವಾರ ಹನ್ನೊಂದು ಕೊರಡು.
ತಲೆಗೊಂದರಂತೆ ತಂದು ಒಲೆಯ ಪಕ್ಕ ಒಟ್ಟುತ್ತಾರೆ.
ನೊಲ್ಬೆರ್ತೊನದು ಒದ್ದೆ, ಉರಿಗಿಂತ ಹೊಗೆಯೇ ಹೆಚ್ಚು;
ಆದರೂ ಮೊದಲು ಅದನ್ನೇ ಒಡ್ಡುತ್ತೇನೆ,
ದೋಣಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದ ಹುಡುಗ.
ಮೂರು ತರಗತಿ, ಒಂದು ಕೋಣೆ.
ಚಿಕ್ಕವರು ಒಲೆಯ ಬಳಿ, ದೊಡ್ಡವರು ಕಿಟಕಿಯ ಬಳಿ,
ಕಿಟಕಿಯಾಚೆ ಚಿಲೊಯೆಯ ಕಡಲು.
ಹಾಜರಿಗೆ ಮುಂಚೆ ನಾನು ಅದರ ಮುಖ ನೋಡುತ್ತೇನೆ:
ಅದು ಮುನಿದ ದಿನ ಹನ್ನೊಂದು ಏಳಾಗುತ್ತದೆ.

ಮಂಗಳವಾರ ಕಳೆಯುವ ಲೆಕ್ಕ.
ನಲವತ್ತೆರಡರಲ್ಲಿ ಹದಿನೇಳು.
ಎರಡರಲ್ಲಿ ಏಳು ಹೋಗುವುದಿಲ್ಲ.
ಹೋಗದಿದ್ದರೆ?
‘ಪಕ್ಕದ ಮನೆಯಲ್ಲಿ ಸಾಲ ಕೇಳಬೇಕು!’
ಹತ್ತರ ಮನೆಯ ಕದ ತಟ್ಟಿದೆವು.
ನಾಲ್ಕು ಮೂರಾಯಿತು, ಎರಡು ಹನ್ನೆರಡಾಯಿತು,
ಕೆಳಗೆ ಗೆರೆ ಎಳೆದು ಇಪ್ಪತ್ತೈದು ಬರೆದು
ಕೈಯ ಸುಣ್ಣ ಕೊಡವಿಕೊಂಡೆ.

ಎದಿಲಿಯಾ ಕೈಯೆತ್ತಿದಳು.
ಏಳು ವರ್ಷ, ಮುಂದಿನ ಹಲ್ಲೆರಡು ಇಲ್ಲ.
‘ಆ ಹತ್ತನ್ನು ಯಾವಾಗ ವಾಪಸು ಕೊಡುತ್ತೇವೆ?’

ಮೂವತ್ತೊಂದು ವರ್ಷದಿಂದ ಕಳೆಯುತ್ತಿದ್ದೇನೆ,
ಯಾರೂ ಕೇಳಿರಲಿಲ್ಲ.
‘ಕೊಡುವುದಿಲ್ಲ ಮಗೂ, ಇದು ಬರೀ ಲೆಕ್ಕ’ ಎಂದೆ.
ಅವಳು ಪುಸ್ತಕ ಮುಚ್ಚಿದಳು,
ಸದ್ದಾಗದ ಹಾಗೆ.

ಬುಧವಾರ ಇಳಿತ. ಬಕೆಟ್ಟು ಹಿಡಿದು ದಂಡೆಗೆ.
ಚಿಪ್ಪು ಎಣಿಸಿ ಹತ್ತು ಹತ್ತು ಗುಡ್ಡೆ ಹಾಕಿದೆವು;
ಒಂದು ಏಡಿ ಒಂಬತ್ತನೆಯ ಗುಡ್ಡೆಯಿಂದ ಎದ್ದು ನಡೆಯಿತು.
ಗುರುವಾರ ಅಕ್ಷರ: ತಲೆಯ ಮೇಲೆ ಅಲೆ ಹೊತ್ತ ‘ಞ’.
ಮಿಲ್ಯರಾಯ್ ಹಾಳೆ ತುಂಬ ಅಲೆಗಳನ್ನೇ ಬರೆದಳು,
ಅಡಿಯಲ್ಲಿ ಅಕ್ಷರ ಮರೆತಿದ್ದಳು.
ಸರಿ ಹಾಕಿದೆ. ಏಕೋ.

ಶುಕ್ರವಾರ ಪಾಠವಿಲ್ಲ.
ಇಸೌರೊನ ಮನೆ ಹೊರಟಿತ್ತು.
ಕಡಲು ಅಂಗಳದ ತನಕ ಬಂದಿದೆಯೆಂದು
ಗುಡ್ಡದ ಮೇಲೆ, ಶಾಲೆಯ ಮಗ್ಗುಲಿಗೆ.
ಕೆಳಗೆ ದಿಮ್ಮಿ, ಮುಂದೆ ಎಂಟು ಜೋಡಿ ಎತ್ತು,
ಹಗ್ಗಕ್ಕೆ ಇಡೀ ದ್ವೀಪ,
ಹಗ್ಗದ ತುದಿಗೆ ನನ್ನ ಹನ್ನೊಂದು ಮಕ್ಕಳು.
ಕಿಟಕಿಯ ಪರದೆ ಕೂಡ ಬಿಚ್ಚಿರಲಿಲ್ಲ.
ಮರದ ಹಂಚು ಹೊದ್ದ ಮನೆ ಒಮ್ಮೆ ನರಳಿ
ಸಡಿಲವಾದ ಹಲ್ಲಿನಂತೆ ಕದಲಿ
ಏರು ಹತ್ತಿತು.

ಇಸೌರೊನ ಅಜ್ಜಿ ಕಡಾಯಿಯ ಮುಂದೆ ನಿಂತು
ಸೌಟು ಆಡಿಸುತ್ತಲೇ ಮುಯ್ಯಿ ಒಪ್ಪಿಸುತ್ತಿದ್ದಳು:
ಬಾರ್ರಿಯಾ ಮನೆಗೆ ಒಂದು ದಿನ, ಎರಡೆತ್ತು.
ಕಾರ್ಕಮೊ ಮನೆಗೆ ಆಲೂಗಡ್ಡೆ ಅಗೆತ, ಮೂರು ಆಳು.
ನೊಲ್ಬೆರ್ತೊನ ಅಪ್ಪನಿಗೆ ಒಂದು ದೋಣಿ ಬಣ್ಣ.
ಬರೆದುಕೊಳ್ಳುವ ಚೀಟಿಯಿಲ್ಲ, ತೊದಲಿಲ್ಲ.
ಪಕ್ಕದಲ್ಲಿ ಎದಿಲಿಯಾ, ಬಾಯಿ ತೆರೆದು ಕೇಳುತ್ತಾ.
ಆಮೇಲೆ ತಿರುಗಿ ನನ್ನತ್ತ ನೋಡಿದಳು.
ಏನೂ ಅನ್ನಲಿಲ್ಲ.
ನಾನು ಹಗ್ಗ ಎಳೆಯುವವಳಂತೆ ತಲೆ ತಗ್ಗಿಸಿದೆ.

ಮತ್ತೆ ಸೋಮವಾರ. ಹನ್ನೊಂದು ಕೊರಡು,
ಜೊತೆಗೆ ಎದಿಲಿಯಾಳ ಕೈಯಲ್ಲಿ ಒಂದು ಗಂಟು.
ಬಿಚ್ಚಿದರೆ ಮಣ್ಣು ಮೆತ್ತಿದ ಹತ್ತು ಆಲೂಗಡ್ಡೆ,
ನಾಲ್ಕು ನೇರಳೆ ಬಣ್ಣದವು, ಒಂದಕ್ಕೆ ಮೊಳಕೆ.
ಬೋರ್ಡಿನ ಮೂಲೆಯಲ್ಲಿ ನಾನು ಒರೆಸಲು ಮರೆತಿದ್ದ ಲೆಕ್ಕ;
ಮೂರರ ನೇರ ಕೆಳಗೆ ಅವನ್ನು ಸಾಲಾಗಿಟ್ಟಳು.
‘ಹತ್ತರ ಮನೆಗೆ.’
ಕುರ್ಚಿ ಹತ್ತಿ, ಬೆರಳಲ್ಲಿ ಮೂರನ್ನು ಅಳಿಸಿ
ನಾಲ್ಕು ಬರೆದು ಇಳಿದಳು.

ಉತ್ತರ ಈಗ ತಪ್ಪು. ನನಗೆ ಗೊತ್ತು.
ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು.

ಮಧ್ಯಾಹ್ನ ಒಲೆ ಕೆಂಪಾದಾಗ ಎಲ್ಲರ ಕಣ್ಣೂ ಅಲ್ಲಿಯೇ.
‘ಕೊಟ್ಟದ್ದಾಯಿತಲ್ಲ, ಇನ್ನು ಸುಡಬಹುದು’
ಎದಿಲಿಯಾಳೇ ಅಪ್ಪಣೆ ಕೊಟ್ಟಳು.
ಮಕ್ಕಳು ಹನ್ನೊಂದು, ನಾನೊಬ್ಬಳು.
ಹತ್ತರಲ್ಲಿ ಹನ್ನೆರಡು ಹೋಗುವುದಿಲ್ಲ
ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ
ನೊಲ್ಬೆರ್ತೊ ಹೊಸಿಲು ದಾಟಿದ್ದ,
ಮೊನ್ನೆಯಷ್ಟೇ ಬಂದು ನಿಂತ
ಪಕ್ಕದ ಮನೆಯ ಕದ ತಟ್ಟಲು.